ಗೊತ್ತಿಲ್ಲದ ಮೂಲೆ ಇಟ್ಟುಕೊಂಡ ಶಾಲೆ

ಜಾಲೀಕೊಪ್ಪದ ಗುಡ್ಡದ ಹಿಂದೆ ಬೆಳಕು ಈಗಷ್ಟೇ ಹರಿಯುತ್ತಿದೆ. ಊರ ಮೂಡಣಕ್ಕಿರುವ ಕೆಂಪು ಮಸಾರಿ ಮಣ್ಣಿನ ಹೊಲದಲ್ಲಿ ಮಕ್ಕಳು ಉದ್ದಕ್ಕೆ ಒಂದು ಸಾಲು ಹಿಡಿದು ನಿಂತಿದ್ದಾರೆ. ಒಬ್ಬೊಬ್ಬರ ಕಾಲ ಬಳಿ ಒಂದೊಂದು ಬಿದಿರಿನ ಪುಟ್ಟಿ. ಕೆಲವರ ಕಣ್ಣಿನಲ್ಲಿ ಇನ್ನೂ ನಿದ್ದೆ, ಕೆಲವರ ಬಾಯಲ್ಲಿ ಬೇವಿನ ಕಡ್ಡಿ. ಸಾಲಿನ ತುದಿಗೆ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡ ಎತ್ತರದ ಹೆಂಗಸೊಬ್ಬರು ನಿಂತಿದ್ದಾರೆ.

“ಎತ್ತೂಕಿಂತ ಮೊದಲ ಏನ ಮಾಡಬೇಕು?”

“ಕುಂಡ್ರಬೇಕ್ರೀ!”

“ಕುಂತು?”

“ನೋಡಬೇಕ್ರೀ!”

“ನೋಡಿ?”

“ಅತ್ತಲ ತುದಿ ಎತ್ತಬೇಕ್ರೀ!”

ಕಲ್ಲಿನ ಆಚೆಯ ಅಂಚನ್ನು ಹಿಡಿದು ತನ್ನ ಕಡೆಗೆ ವಾಲಿಸಿದರೆ ಅಡಿಯಲ್ಲಿರುವ ಚೇಳು ಆಚೆಗೇ ಓಡುತ್ತದೆ, ಕಲ್ಲು ಕೈಕಾಲಿಗೆ ಗೋಡೆಯಾಗುತ್ತದೆ. ಈಚೆಯ ಅಂಚು ಎತ್ತಿದವನ ಪಾದದ ಮೇಲೆಯೇ ಅದು ಇಳಿಯುತ್ತದೆ. ಹೊಲದಲ್ಲಿ ಕಲ್ಲು ಆರಿಸುವ ಊರಿನಲ್ಲಿ ಇದು ಅಕ್ಷರಕ್ಕಿಂತ ಮೊದಲು ಕಲಿಯಬೇಕಾದ ಪಾಠ.

“ಅಕ್ಕೋರ, ಚೇಳು ಕಂಡ್ರ ನಮಸ್ಕಾರ ಮಾಡೂನೇನ್ರಿ?” ಮೂರನೆಯ ಇಯತ್ತೆಯ ಗುತ್ತೆಪ್ಪ ಕೇಳುತ್ತಾನೆ. ಸಾಲಿನಲ್ಲಿ ನಗು ಏಳುತ್ತದೆ.

“ಮಾಡಪಾ. ಎರಡೂ ಕೈ ಮುಗದಿದ್ರ ಒಂದೂ ಕಲ್ಲಿನ ಕೆಳಗ ಹೋಗೂದಿಲ್ಲ.”

ಇವರು ಚೌಡವ್ವ ಗೋಣೆಪ್ಪ ತಡಸದ, ವಯಸ್ಸು ಮೂವತ್ತಾರು. ಹಿರೇಕೆರೂರ ತಾಲೂಕಿನ ಈ ಸಣ್ಣ ಊರಿನ ಏಕೋಪಾಧ್ಯಾಯ ಶಾಲೆಯ ಶಿಕ್ಷಕಿ. ಊರವರಿಗೆ ಅವರ ಹೆಸರು ಬೇಕಾಗಿಲ್ಲ, ಅಕ್ಕೋರು ಎಂದರೆ ಇವರೊಬ್ಬರೇ. ಒಂದು ಕೋಣೆ, ಒಂದು ಪಡಸಾಲೆ, ನಾಲ್ಕು ಇಯತ್ತೆ, ಪಟ್ಟಿಯಲ್ಲಿ ಮೂವತ್ತೇಳು ಮಕ್ಕಳು. ಅಬಲೂರಿನ ಶಾಸನ ನೋಡಲು ದೂರದೂರದಿಂದ ಜನ ಈ ದಾರಿಯಲ್ಲೇ ಹೋಗುತ್ತಾರೆ. ಜಾಲೀಕೊಪ್ಪದ ಮಕ್ಕಳ ಕಲ್ಲುಗಳನ್ನು ನೋಡಲು ಯಾರೂ ಗಾಡಿ ನಿಲ್ಲಿಸುವುದಿಲ್ಲ.

ನಾಲ್ಕು ವರ್ಷದ ಹಿಂದೆ, 1955ರಲ್ಲಿ ಚೌಡವ್ವ ಇಲ್ಲಿಗೆ ಬಂದಾಗ ಹೋಳಿಹುಣ್ಣಿಮೆಯಿಂದ ಬಿತ್ತನೆಯವರೆಗೆ ಶಾಲೆ ಖಾಲಿ ಇರುತ್ತಿತ್ತು. ಈ ಭಾಗದ ಮಸಾರಿ ಭೂಮಿ ಪ್ರತಿ ವರ್ಷ ಕಲ್ಲನ್ನು ಮೇಲೆ ತಂದು ಹಾಕುತ್ತದೆ. ರೆಂಟೆ ಹೊಡೆದ ಮೇಲೆ ಅದನ್ನು ಆರಿಸಿ ಹೊಲದ ಅಂಚಿನ ಒಡ್ಡಿಗೆ ಹಾಕುವುದು ಮಕ್ಕಳ ಕೆಲಸ. ಚೌಡವ್ವ ಮನೆಮನೆಗೆ ಹೋದರು. ಊರಿನಲ್ಲಿ ದೊಡ್ಡ ಮನೆತನ ಮೈಲಾರಲಿಂಗಪ್ಪನವರದು. ಅಣ್ಣತಮ್ಮಂದಿರು, ಮಕ್ಕಳು, ಮೊಮ್ಮಕ್ಕಳು ಒಂದೇ ಒಲೆಯಲ್ಲಿ ಉಣ್ಣುವ ಮನೆ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯ ಮೈಲಾರಲಿಂಗಪ್ಪನವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು: “ಹುಡುಗೋರ್ನ ಸಾಲಿಗಿ ಕಳಸ್ತೇವಿ, ಆತು. ಕಲ್ಲ ಯಾರ ಆರಸೂದು? ನೀವ ಆರಸ್ತೀರೇನು?”

“ಹೂಂ, ಆರಸ್ತೇನ್ರಿ,” ಎಂದರು ಚೌಡವ್ವ.

ಚೇಷ್ಟೆಗೆ ಕೇಳಿದ ಮಾತಿಗೆ ಹೀಗೆ ಉತ್ತರ ಬರುತ್ತದೆಂದು ಮುದುಕರು ಎಣಿಸಿರಲಿಲ್ಲ. ಮರುದಿನ ನಸುಕಿನಲ್ಲಿ ಅಕ್ಕೋರು ಪುಟ್ಟಿ ಹಿಡಿದು ಅವರ ಹೊಲದಲ್ಲಿದ್ದರು. ಅಂದಿನಿಂದ ಒಪ್ಪಂದ ಹೀಗೆ: ದಿನಕ್ಕೊಂದು ಮನೆಯ ಹೊಲದಲ್ಲಿ ಶಾಲೆಯ ಮಕ್ಕಳೆಲ್ಲ ಕೂಡಿ ಕಲ್ಲು ಆರಿಸಬೇಕು, ಬಿಸಿಲು ಏರುವ ಮೊದಲು ಮುಗಿಸಬೇಕು, ಆಮೇಲೆ ಎಲ್ಲರೂ ಶಾಲೆಗೆ. ಇಬ್ಬರು ಮಕ್ಕಳು ವಾರಗಟ್ಟಲೆ ಮಾಡುತ್ತಿದ್ದ ಕೆಲಸ ಒಂದೆರಡು ಮುಂಜಾವಿನಲ್ಲಿ ಮುಗಿಯತೊಡಗಿತು. ಇದಕ್ಕೆ ಪ್ರತಿಯಾಗಿ ಪ್ರತಿ ಮಗು ದಿನಕ್ಕೆ ಒಂದು ಕಲ್ಲನ್ನು ಶಾಲೆಗೆ ಒಯ್ಯಬಹುದು. ಒಂದೇ. ಎರಡಲ್ಲ.

“ಪುಟ್ಟಿ ತುಂಬಾ ಆರಸೂದು ಕೈ ಕೆಲಸ್ರಿ,” ಎನ್ನುತ್ತಾರೆ ಚೌಡವ್ವ. “ಅದರಾಗಿಂದ ಒಂದು ಆರಸೂದು ತಲಿ ಕೆಲಸ. ಯಾಕ ಇದು, ಯಾಕ ಅದಲ್ಲ ಅಂತ ಹೇಳಾಕ ಬರಬೇಕು. ‘ಚಂದ ಐತ್ರಿ’ ಅಂದ್ರ ಸಾಲೂದಿಲ್ಲ. ಏನ್ ಚಂದ ಅಂತ ಕೇಳತೇನಿ.”

ಶಾಲೆಯ ಪಡಸಾಲೆಯಲ್ಲಿ ಬೆಂಚಿಲ್ಲ. ಸಗಣಿ ಸಾರಿಸಿದ ನೆಲದ ಮೇಲೆ ಸುಣ್ಣದ ಗೆರೆಗಳಲ್ಲಿ ಇಡೀ ಜಾಲೀಕೊಪ್ಪವಿದೆ. ಗುಡ್ಡ, ಹಳ್ಳ, ಕೆರೆ, ಬಂಡಿ ದಾರಿ, ಒಬ್ಬೊಬ್ಬರ ಹೊಲ. ಮೊದಲ ವರ್ಷ ಪ್ರತಿ ಮಗುವೂ ತನ್ನ ಮನೆಯನ್ನೇ ಗುಡ್ಡಕ್ಕಿಂತ ದೊಡ್ಡದಾಗಿ ಬರೆದಿತ್ತು. ಗುತ್ತೆಪ್ಪನ ಮನೆಯವರ ಹೊಲ ಹಳ್ಳದ ಈಚೆಗೋ ಆಚೆಗೋ ಎಂಬ ಜಗಳ ಹೊಡೆದಾಟಕ್ಕೆ ಹೋದಾಗ ಚೌಡವ್ವ ಯಾರ ಪರವಾಗಿಯೂ ಹೇಳಲಿಲ್ಲ. ಎಲ್ಲರನ್ನೂ ಕರೆದುಕೊಂಡು ಹೋಗಿ ಹಳ್ಳದ ದಂಡೆಯ ಮೇಲೆ ನಿಲ್ಲಿಸಿದರು. ನಕ್ಷೆಯನ್ನು ಮೂರು ಸಲ ಒರೆಸಿ ಮತ್ತೆ ಬರೆದ ಮೇಲೆ ಎಲ್ಲರೂ ಒಪ್ಪಿದರು. ತಂದ ಕಲ್ಲನ್ನು ಆ ನಕ್ಷೆಯಲ್ಲಿ ಸಿಕ್ಕ ಜಾಗದಲ್ಲೇ ಇಡಬೇಕು ಎಂಬುದು ನಿಯಮ.

ಒಂದು ಬೇಸಿಗೆ ಕಳೆಯುವಷ್ಟರಲ್ಲಿ ನೆಲವೇ ಮಾತನಾಡತೊಡಗಿತು. ಗುಡ್ಡದ ಮಗ್ಗುಲಿಗೆ ಬಿಳಿಯ ಬೆಣಚುಕಲ್ಲು, ಕಪ್ಪು ಎರೆ ಹೊಲಗಳಲ್ಲಿ ಸುಣ್ಣದ ಹರಳು, ಹಳ್ಳದ ಗುಂಟ ದುಂಡು ಕಲ್ಲು. ಮೈಲಾರಲಿಂಗಪ್ಪನವರ ಮೊಮ್ಮಗಳು ಹೊಳೆವ್ವ ಒಂದು ದಿನ ನಕ್ಷೆಯ ಮೇಲೆ ಬಾಗಿ ನಿಂತು, ಹಳ್ಳದ ಕಲ್ಲು ಗುಡ್ಡದ ಕಡೆ ದೊಡ್ಡದು, ಕೆರೆಯ ಕಡೆಗೆ ಬಂದಂತೆ ಸಣ್ಣದು ಎಂದಳು. ಯಾಕೆಂದು ಕೇಳಿದಳು. ಚೌಡವ್ವ ಉತ್ತರ ಹೇಳಲಿಲ್ಲ. ರವಿವಾರ ಮಕ್ಕಳನ್ನು ಬುತ್ತಿ ಕಟ್ಟಿಸಿಕೊಂಡು ಬರಲು ಹೇಳಿ, ಹಳ್ಳ ಹಿಡಿದು ಗುಡ್ಡದವರೆಗೆ ನಡೆಸಿದರು. ಬರುವಾಗ ಮೊನಚು ಕಲ್ಲೊಂದು ದುಂಡಗಾಗುವ ಕತೆಯನ್ನು ಮಕ್ಕಳೇ ಕಟ್ಟಿಕೊಂಡು ಬಂದರು.

ವಾರಕ್ಕೊಮ್ಮೆ ಬೇರ್ಪಡಿಸುವ ಪಾಠ. ಕಲ್ಲುಗಳ ಗುಡ್ಡೆಯನ್ನು ಯಾರು ಬೇಕಾದರೂ ತಮಗೆ ಬೇಕಾದ ಹಾಗೆ ಬೇರ್ಪಡಿಸಬಹುದು. ಬಣ್ಣದಿಂದ, ನುಣುಪಿನಿಂದ, ಹೊಳಪಿನಿಂದ. ಎರಡನೆಯ ಇಯತ್ತೆಯ ಹಾಜರಾಬಿ ಕಲ್ಲಿಗೆ ಕಲ್ಲು ತಾಗಿಸಿ, ಸಪ್ಪಳ ಕೇಳಿ ಬೇರ್ಪಡಿಸುತ್ತಾಳೆ. ಯಾವುದೂ ತಪ್ಪಲ್ಲ. ಶರತ್ತು ಒಂದೇ: ನೀನು ಅರ್ಧಕ್ಕೆ ಬಿಟ್ಟು ಎದ್ದುಹೋದರೆ ಮತ್ತೊಬ್ಬರು ಬಂದು, ನಿನ್ನನ್ನು ಕೇಳದೆ, ಕಣ್ಣಿನಿಂದ ಕಿವಿಯಿಂದ ತಿಳಿದುಕೊಂಡು ಅದೇ ಕ್ರಮದಲ್ಲಿ ಮುಗಿಸಲು ಬರಬೇಕು. ಬರದಿದ್ದರೆ ನಿನ್ನ ಕ್ರಮ ನಿನ್ನ ತಲೆಯಲ್ಲಷ್ಟೇ ಇತ್ತು, ಕಲ್ಲಿನಲ್ಲಿ ಇರಲಿಲ್ಲ.

ತೂಕಕ್ಕೆ ತಕ್ಕಡಿಯಿಲ್ಲ. ಕೋಲಿನ ನಡುವಿಗೆ ಹಗ್ಗ ಕಟ್ಟಿ ತೂಗುಬಿಟ್ಟು, ಎರಡು ತುದಿಗೆ ಎರಡು ಚೀಲ. ಅಂಗೈ ಅಗಲದ ಕೆಂಗಪ್ಪು ಕಲ್ಲೊಂದು ಗಾತ್ರದಲ್ಲಿ ತನ್ನ ಒಂದೂವರೆಯಷ್ಟಿರುವ ಬಿಳಿ ಕಲ್ಲನ್ನು ಮೇಲಕ್ಕೆತ್ತಿದ ದಿನ, ಶಾಲಾ ಕಮಿಟಿಯ ಚೇರ್ಮನ್ ಉಳಿವೆಪ್ಪನವರು ಬಾಗಿಲಲ್ಲೇ ನಿಂತಿದ್ದರು. ಮೈಕೈ ತುಂಬಿದ ಆಸಾಮಿ. ಗುತ್ತೆಪ್ಪ ಬಿಳಿ ಕಲ್ಲನ್ನು ತೋರಿಸಿ, “ಚೇರ್ಮನ್ ಕಾಕಾನಂಗ ದೊಡ್ಡದೈತಿ ಖರೆ, ವಜ್ಜಿ ಇಲ್ಲ,” ಎಂದ. ಉಳಿವೆಪ್ಪನವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಪಡಸಾಲೆಯ ಬಡಗಣ ಮೂಲೆಯಲ್ಲಿ ನಕ್ಷೆಯ ಗೆರೆ ಇಲ್ಲ. ಅಲ್ಲಿ ರಾಶಿಯಾಗಿ ಬಿದ್ದಿರುವವು ಎಲ್ಲಿ ಸಿಕ್ಕಿತೆಂದು ತಂದವರಿಗೇ ನೆನಪಿಲ್ಲದ ಕಲ್ಲುಗಳು, ಯಾವ ಗುಂಪಿಗೂ ಸೇರದ ಕಲ್ಲುಗಳು. ಮಕ್ಕಳು ಅದನ್ನು ‘ಗೊತ್ತಿಲ್ಲದ ಮೂಲಿ’ ಎನ್ನುತ್ತಾರೆ. ಅಲ್ಲಿ ಕಲ್ಲು ಇಟ್ಟವರಿಗೆ ಬೈಗುಳವಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ನಕ್ಷೆಯಲ್ಲಿ ಇಟ್ಟು ಸಿಕ್ಕಿಬಿದ್ದವರಿಗೆ ಒಂದು ವಾರ ಕಲ್ಲು ಒಯ್ಯುವ ಹಕ್ಕಿಲ್ಲ.

“ಆ ಮೂಲ್ಯಾಗ ಕಲ್ಲು ಕಡಿಮಿ ಆದ್ರ ನನಗ ಚಿಂತಿ ಹತ್ತತೈತ್ರಿ,” ಎನ್ನುತ್ತಾರೆ ಚೌಡವ್ವ. “ಯಾರೋ ಸುಳ್ಳ ಹೇಳಾಕತ್ತಾರ ಅಂತ.”

ಚೌಡವ್ವನವರ ಕಲ್ಲಿನ ನಂಟು ಹಳೆಯದು. ಹುಟ್ಟಿದ್ದು ಶಿಗ್ಗಾಂವ ತಾಲೂಕಿನ ತಡಸದಲ್ಲಿ. ತಂದೆ ಗೋಣೆಪ್ಪ ಪುಣೆ-ಬೆಂಗಳೂರು ರಸ್ತೆಯ ಕೆಲಸದಲ್ಲಿ ಕಲ್ಲು ಒಡೆದು ಖಡಿ ಮಾಡುತ್ತಿದ್ದರು. ಒಡೆದ ಖಡಿಯನ್ನು ಕಬ್ಬಿಣದ ಬಳೆಯೊಂದರಲ್ಲಿ ಹಾಯಿಸಿ ನೋಡುವುದು ಮಗಳ ಪಾಲಿನ ಕೆಲಸ. ಬಳೆಯಲ್ಲಿ ಹಾಯ್ದದ್ದು ರಸ್ತೆಗೆ, ಸಿಕ್ಕಿಕೊಂಡದ್ದು ಮತ್ತೆ ಸುತ್ತಿಗೆಗೆ. ಲೆಕ್ಕ ಕಲಿತದ್ದೂ ಅಲ್ಲಿಯೇ, ಸುಳ್ಳು ಸಲ್ಲದೆಂದು ಕಲಿತದ್ದೂ ಅಲ್ಲಿಯೇ. ಸಿಕ್ಕಿಕೊಂಡ ಕಲ್ಲನ್ನು ಒತ್ತಿ ತುರುಕಿದರೆ ಬಳೆ ಹಿಗ್ಗುತ್ತದೆ, ಆಮೇಲೆ ಎಲ್ಲ ಕಲ್ಲೂ ಹಾಯುತ್ತವೆ. “ಬಳಿ ಕೆಟ್ಟಿತಂದ್ರ ಮುಗೀತು ಮಗಳ,” ಎನ್ನುತ್ತಿದ್ದರಂತೆ ಗೋಣೆಪ್ಪ. “ಕಲ್ಲ ಕೆಟ್ರ ಮತ್ತೊಂದು ಒಡೀಬಹುದು.”

ಸಣ್ಣ ವಯಸ್ಸಿನಲ್ಲಿ ಮದುವೆ, ಹದಿನಾರಕ್ಕೆ ವೈಧವ್ಯ. ತವರಿಗೆ ಬಂದ ಮಗಳನ್ನು ಗೋಣೆಪ್ಪ ಶಿಗ್ಗಾಂವದ ಶಾಲೆಗೆ ಸೇರಿಸಿದರು. ಹತ್ತು ವರ್ಷದ ಮಕ್ಕಳ ನಡುವೆ ದೊಡ್ಡ ಹೆಂಗಸು. “ಮಕ್ಕಳ ತಾಯಿ ಬಂದಳು, ಸರೀರಿ,” ಎಂದು ಹುಡುಗರು ಹಾದಿ ಬಿಡುತ್ತಿದ್ದರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಧಾರವಾಡದಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿ, ಮೊದಲು ಸವಣೂರು, ಆಮೇಲೆ ಹಾನಗಲ್ಲು. ಜಾಲೀಕೊಪ್ಪಕ್ಕೆ ಬರಲು ಯಾರೂ ಒಪ್ಪದಿದ್ದಾಗ ಇವರು ಒಪ್ಪಿದರು. ಒಪ್ಪಿದ ಮೇಲೆ ತಿಳಿದದ್ದು, ಈ ಶಾಲೆಗೆ ಇನ್ನೂ ಕಾಯಂ ಮಂಜೂರಾತಿ ಇಲ್ಲವೆಂದು. ವರ್ಷದ ತಪಾಸಣೆಯ ದಿನ ಮೂವತ್ತು ಮಕ್ಕಳು ಹಾಜರಿರಬೇಕು. ಇಲ್ಲದಿದ್ದರೆ ಶಾಲೆ ಮುಚ್ಚಿ, ಮಕ್ಕಳನ್ನು ಹಳ್ಳದ ಆಚೆಯ ಊರಿನ ಶಾಲೆಗೆ ಸೇರಿಸುತ್ತಾರೆ. ಮೂರು ವರ್ಷ ದಾಟಿತ್ತು. ನಾಲ್ಕನೆಯದನ್ನೂ ದಾಟಿದರೆ ಶಾಲೆ ಕಾಯಂ.

ಈ ವರ್ಷ ಯುಗಾದಿಯ ಮುಂಚೆ, ತಪಾಸಣೆಗೆ ಒಂದು ವಾರ ಇದ್ದಾಗ, ಕಲ್ಲೇ ಶಾಲೆಗೆ ಮುಳುವಾಗುವ ಹಾಗಾಯಿತು.

ಇಲ್ಲಿಯ ರೈತರು ಶೀಗಿ ಹುಣ್ಣಿಮೆಯ ದಿನ ಹೊಲದಲ್ಲಿ ಬನ್ನಿ ಗಿಡದ ಬುಡಕ್ಕೆ ಐದು ಕಲ್ಲು ನಿಲ್ಲಿಸಿ, ಸುಣ್ಣ ಬಳಿದು, ಪಾಂಡವರೆಂದು ಪೂಜಿಸುತ್ತಾರೆ. ಅವರ ಬೆನ್ನ ಹಿಂದೆ ಆರನೆಯ ಕಲ್ಲೊಂದು. ಅದು ಕಳ್ಳ. ಅವನಿಗೆ ಸುಣ್ಣವಿಲ್ಲ, ಎಡೆಯಿಲ್ಲ. ಐದು ಮಂದಿಯ ಕಾವಲಿನಲ್ಲಿ ಅವನು ಅಲ್ಲಿ ಕಟ್ಟಿಬಿದ್ದಿದ್ದರೆ ಬೆಳೆಗೆ ಕಳ್ಳರ ಕಾಟವಿಲ್ಲ ಎಂದು ನಂಬಿಕೆ. ಕೆಲವರು ವರ್ಷ ವರ್ಷ ಹೊಸ ಕಲ್ಲು ಹೂಡುತ್ತಾರೆ. ಮೈಲಾರಲಿಂಗಪ್ಪನವರ ಹೊಲದಲ್ಲಿ ಮಾತ್ರ ಅವರ ತಂದೆಯ ಕಾಲದಿಂದ ಅವೇ ಆರು ಕಲ್ಲು.

ಆ ಹೊಲದ ಕಲ್ಲು ಆರಿಸಿದ ನಾಲ್ಕು ದಿನದ ಮೇಲೆ ಮುದುಕರು ಬನ್ನಿ ಗಿಡದ ಕಡೆ ಹೋಗಿ ನೋಡಿದರೆ ಐದು ಬಿಳಿ ಕಲ್ಲುಗಳು ಇದ್ದ ಹಾಗೆಯೇ ಇವೆ. ಹಿಂದೆ ಬರಿ ಕುಣಿ, ಕಲ್ಲು ಕೂತಿದ್ದ ತಗ್ಗು. ಕಳ್ಳ ಇಲ್ಲ.

ಮುದುಕರು ನೆಟ್ಟಗೆ ಶಾಲೆಗೆ ಬಂದರು. ಒಳಗೆ ಕಾಲಿಡಲಿಲ್ಲ.

“ಐದು ಮಂದಿ ಗಂಡಸರು ಕಾವಲಿದ್ರೂ ಕಳ್ಳ ಹ್ವಾದ. ಯಾರ ಬಿಡಿಸಿಕೊಂಡ ಹ್ವಾದ್ರು? ನಿಮ್ಮ ಸಾಲಿ ಮಂದಿ!”

“ಯಜಮಾನ್ರ, ಒಳಗ ಬರ್ರಿ, ಕುಂತು ಮಾತಾಡೂನು.”

“ಕುಂಡ್ರೂದ ಸಾಕ್ರಿ. ಕುಂಡ್ರು, ನೋಡು, ಎತ್ತು ಅಂತ ನೀವ ಕಲಿಸಿದ್ರಿ. ಕುಂತ್ರು, ನೋಡಿದ್ರು, ನಮ್ಮಪ್ಪ ಹೂಡಿದ್ದನ್ನ ಎತ್ತಿದ್ರು. ಇನ್ನ ನಮ್ಮ ಹುಡುಗೋರು ನಿಮ್ಮ ಸಾಲಿಗಿ ಬರೂದಿಲ್ಲ.”

ಅವರ ಮನೆಯ ಒಂಬತ್ತು ಮಕ್ಕಳು ಎದ್ದುಹೋದರು. ಮರುದಿನ ಪಕ್ಕದ ಮನೆಯ ಇಬ್ಬರು ಬರಲಿಲ್ಲ. ಉಳಿದವರು ಇಪ್ಪತ್ತಾರು.

ಹಳ್ಳದ ಆಚೆಯ ಶಾಲೆ ನಕ್ಷೆಯಲ್ಲಿ ಹತ್ತಿರವೇ. ಆದರೆ ಮಳೆಗಾಲದಲ್ಲಿ ಆ ಹಳ್ಳ ದೊಡ್ಡವರ ಎದೆಮಟ್ಟ ಬರುತ್ತದೆ. ಹುಡುಗರಲ್ಲಿ ಕೆಲವರನ್ನಾದರೂ ಕಳಿಸುತ್ತಾರೆ. ಹುಡುಗಿಯರಲ್ಲಿ ಒಬ್ಬಳನ್ನೂ ಕಳಿಸುವುದಿಲ್ಲ. ಚೌಡವ್ವನವರಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಅಂದು ಸಂಜೆ ಉಳಿವೆಪ್ಪನವರು ಬಂದರು. ಒಳ್ಳೆಯ ಮನುಷ್ಯ, ಶಾಲೆ ಉಳಿಯಲಿ ಎಂದು ಮನಸಾರೆ ಬಯಸುವವರು.

“ಅಕ್ಕೋರ, ನಮ್ಮೂರಾಗ ನೀರಿಗಿ ಬರ ಐತಿ, ಕಲ್ಲಿಗೇನ ಬರ? ಒಂದು ಉದ್ದಂದು ನೋಡಿ ತಗೊಂಡು, ಮಣ್ಣ ಹಚ್ಚಿ, ಸಿಕ್ತು ಅಂತ ಕೊಟ್ಟಬಿಡ್ರಿ. ಮುದುಕಗ ಕಣ್ಣ ಮಂಜ. ಸಾಲಿ ಉಳೀತೈತಿ.”

“ಅದು ಆ ಕಲ್ಲ ಅಲ್ಲ ಅಂತ ನನಗ ಗೊತ್ತಿರತೈತಲ್ರಿ.”

“ನಿಮಗೊಬ್ಬರಿಗೆ. ಇರಲಿ ಬಿಡ್ರಿ.”

“ಮಕ್ಕಳಿಗೂ ಗೊತ್ತಿರತೈತ್ರಿ.”

ಉಳಿವೆಪ್ಪ ಹಣೆ ಚಚ್ಚಿಕೊಂಡು ಎದ್ದರು. ಚೌಡವ್ವ ಬೆಳಗಾಗುತ್ತಲೇ ಮೈಲಾರಲಿಂಗಪ್ಪನವರ ಕಟ್ಟೆಯ ಮುಂದೆ ಹೋಗಿ ನಿಂತರು. ತಪ್ಪಾಯಿತು ಎನ್ನಲಿಲ್ಲ, ತಪ್ಪಿಲ್ಲ ಎಂದೂ ಅನ್ನಲಿಲ್ಲ.

“ಕಲ್ಲು ಸಾಲಿಗಿ ಬಂದಿದ್ದೀತು, ಬರದನೂ ಇದ್ದೀತು. ನನಗ ಗೊತ್ತಿಲ್ರಿ. ಹುಡುಕತೇವಿ. ನಿಮ್ಮ ಹುಡುಗೋರ್ನೂ ಹುಡುಕಾಕ ಕಳಸ್ರಿ.”

“ಹುಡುಕಾಕ ಅಷ್ಟ. ಸಾಲಿಗಲ್ಲ.”

“ಆತ್ರಿ.”

ಆ ಹೊಲದಿಂದ ಬಂದು ನಕ್ಷೆಯಲ್ಲಿ ಕೂತಿದ್ದ ಕಲ್ಲುಗಳನ್ನೂ ಗೊತ್ತಿಲ್ಲದ ಮೂಲೆಯ ಇಡೀ ರಾಶಿಯನ್ನೂ ಮಕ್ಕಳು ಪುಟ್ಟಿಗಳಲ್ಲಿ ಬನ್ನಿ ಗಿಡದ ಬಳಿಗೆ ಹೊತ್ತರು. ಅಲ್ಲಿ ಕಳ್ಳ ನಿಂತಿದ್ದ ಕುಣಿ ಒಣಗಿ ಗಟ್ಟಿಯಾಗಿತ್ತು. ಯಾವ ಕಲ್ಲು ಅಲ್ಲಿ ಅಲುಗದೆ ಕೂರುತ್ತದೋ ಅದೇ ಕಳ್ಳ ಎಂಬುದು ಮಕ್ಕಳೇ ಮಾಡಿಕೊಂಡ ಕಟ್ಟಳೆ. ಮೈಲಾರಲಿಂಗಪ್ಪ ಕಂಬಳಿ ಹಾಸಿಕೊಂಡು ಕುಳಿತರು. ಪಂಚನಾಗಿ ಉಳಿವೆಪ್ಪನವರೂ ಬಂದರು.

ಒಂದೊಂದಾಗಿ ಕಲ್ಲುಗಳು ಬಂದವು, ಹೋದವು. ಕೆಲವು ಕುಣಿಗೆ ಇಳಿಯಲೇ ಇಲ್ಲ, ಕೆಲವು ಒಳಗೆ ಉರುಳಿದವು. ಬಿಸಿಲು ಏರಿತು. ಗೊತ್ತಿಲ್ಲದ ಮೂಲೆಯ ಉದ್ದನೆಯ ಕಂದು ಕಲ್ಲೊಂದು ಮಾತ್ರ ಕುಣಿಯಲ್ಲಿ ನೆಟ್ಟಗೆ ನಿಂತಿತು.

“ಇದ! ಇದ ನೋಡ್ರಿ!” ಉಳಿವೆಪ್ಪ ಎದ್ದೇ ನಿಂತರು. “ಹೆಂಗ ಕುಂತೈತಿ, ಮನಿ ಅಳಿಯ ಕುಂತಂಗ!”

ಮೈಲಾರಲಿಂಗಪ್ಪ ಬಾಗಿ ಕಲ್ಲಿನ ನೆತ್ತಿಯ ಮೇಲೆ ಕೈಯಾಡಿಸಿದರು. ಅವರಿಗೂ ಬೇಸರ ಬಂದಿತ್ತು. “ಹೂಂ. ಇದ ಇದ್ದೀತು ತಗೋ.”

ಹೊಳೆವ್ವ ಮಂಡಿಯೂರಿ ಕುಳಿತು ಒಂದು ಬೆರಳಿನಿಂದ ಕಲ್ಲನ್ನು ಒತ್ತಿದಳು.

“ಅಲ್ಲ, ಅಜ್ಜಾ. ಅಳ್ಳಾಡತೈತಿ.”

“ಸುಮ್ನಿರ ಯವ್ವಾ,” ಎಂದರು ಉಳಿವೆಪ್ಪ. “ನಿಮ್ಮಜ್ಜಗಿಂತ ನಿನಗ ಹೆಚ್ಚ ಗೊತ್ತೇನು?”

ಹುಡುಗಿ ಅಕ್ಕೋರ ಮುಖ ನೋಡಿದಳು. ಎಲ್ಲ ಮಕ್ಕಳೂ ನೋಡಿದರು. ಉಳಿವೆಪ್ಪ ಮುದುಕರ ಬೆನ್ನ ಹಿಂದೆ ನಿಂತು, ಒಪ್ಪಿಕೊಳ್ಳಿ ಎಂದು ಕಣ್ಣಿನಲ್ಲೇ ಬೇಡುತ್ತಿದ್ದರು. ಸುಮ್ಮನಿದ್ದರೂ ಸಾಕಿತ್ತು. ಹನ್ನೊಂದು ಮಕ್ಕಳು ಹಿಂದಿರುಗುತ್ತಿದ್ದರು.

ಚೌಡವ್ವ ಕುಣಿಯ ಬಳಿಗೆ ಬಂದರು. “ಅಲ್ಲಂದ್ರ ಅಲ್ಲ,” ಎಂದರು. “ತಗಿ.”

ಮೈಲಾರಲಿಂಗಪ್ಪ ಎದ್ದು, ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಅವರ ಮನೆಯ ಮಕ್ಕಳು ಹಿಂದೆ ಹೋದರು. ಉಳಿವೆಪ್ಪ ಹೋಗುವ ಮೊದಲು ಹೇಳಿದರು: “ಅಕ್ಕೋರ, ಸತ್ಯಹರಿಶ್ಚಂದ್ರನ ಹೇಣ್ತಿನೂ ಒಂದಿನ ಉಪಾಸ ಬಿದ್ಲು. ನಮ್ಮ ಮಕ್ಕಳು ಇನ್ನ ದನಾ ಕಾಯಲಿ.”

ಆ ಮಾತು ಚುಚ್ಚಿತು. ಮರುದಿನ ನಸುಕಿಗೆ ಚೌಡವ್ವ ಉಳಿದ ಮಕ್ಕಳನ್ನು ಕರೆದುಕೊಂಡು ಮತ್ತೆ ಅದೇ ಹೊಲಕ್ಕೆ ಬಂದರು. ಇನ್ನು ಎಲ್ಲಿ ಹುಡುಕುವುದೆಂದು ಅವರಿಗೂ ಹೊಳೆದಿರಲಿಲ್ಲ. ಹೇಳಿದವನು ಗುತ್ತೆಪ್ಪ.

“ಅಕ್ಕೋರ, ನಾವು ಸಾಲಿಗಿ ಒಂದೊಂದ ಒಯ್ದೇವಿ. ಉಳದದ್ದೆಲ್ಲಾ ಒಡ್ಡಿಗಿ ಹಾಕೇವಲ್ರಿ?”

ಒಡ್ಡು ಹೊಲದ ಉದ್ದಕ್ಕೂ ಮಲಗಿತ್ತು. ಆ ಬೇಸಿಗೆಯ ಕಲ್ಲೆಲ್ಲ ಅದರ ಮೇಲೆ. ಅದನ್ನು ಕಿತ್ತು ನೋಡಬೇಕು, ನೋಡಿದ್ದನ್ನು ಹಾಗೇ ಬಿಡುವಂತಿಲ್ಲ, ಮತ್ತೆ ಕಟ್ಟಬೇಕು. ಏನನ್ನು ಹುಡುಕಬೇಕು ಎಂದು ಮೊದಲು ಗೊತ್ತಾಗಬೇಕು. ಚೌಡವ್ವ ಮಕ್ಕಳನ್ನು ಐದು ಬಿಳಿ ಕಲ್ಲುಗಳ ಮುಂದೆ ಕೂರಿಸಿದರು. ಮುಟ್ಟದೆ ನೋಡಿ ಎಂದರು.

ಅಷ್ಟರಲ್ಲಿ ಹೊಳೆವ್ವ ಖಾಲಿ ಪುಟ್ಟಿ ಹಿಡಿದು ಓಡಿಬಂದಳು.

“ಅಜ್ಜ ಕಳಿಸಿದ್ನೇನ?” ಎಂದು ಚೌಡವ್ವ ಕೇಳಿದರು.

“ಇಲ್ರಿ. ಮುದಕವ್ವಾಯಿ ಹೋಗಂದ್ಲು. ಅಜ್ಜಗ ಹೇಳಬ್ಯಾಡ ಅಂದ್ಲು.” ಮುದಕವ್ವ ಮೈಲಾರಲಿಂಗಪ್ಪನವರ ಹೆಂಡತಿ.

ಪಾಂಡವರ ಮುಂದೆ ಕುಳಿತು ನೋಡಿ ನೋಡಿ ಅದನ್ನು ಕಂಡವಳು ಹೊಳೆವ್ವನೇ. ಸುಣ್ಣ ಹಾರಿಹೋದ ಕಡೆ, ಕಲ್ಲು ನೆಲದಿಂದ ಮೇಲೇಳುವ ಜಾಗದಲ್ಲಿ, ಸುತ್ತಲೂ ಒಂದು ಕಪ್ಪು ಗೆರೆ. ಗೆರೆಯ ಮೇಲೆ ಬಿಸಿಲಿಗೆ ಬಿಳಿಚಿದ ಮೈ, ಕೆಳಗೆ ಮಣ್ಣಿನ ಬಣ್ಣ.

“ನಿಂತ ಕಲ್ಲಿಗೆ ಉಡದಾರ ಐತ್ರಿ,” ಎಂದಳು. “ಮಲಗಿದ ಕಲ್ಲಿಗೆ ಇರೂದಿಲ್ಲ.”

ಉಡದಾರ ಕಟ್ಟಿದ ಕಲ್ಲಿಗಾಗಿ ಮೂರು ಮುಂಜಾವು ಒಡ್ಡು ಕಿತ್ತರು. ಕಿತ್ತದ್ದನ್ನು ಕೆಳಗೆ ದೊಡ್ಡದು, ಮೇಲೆ ಸಣ್ಣದು, ಸಂದಿಗೆ ಚಕ್ಕೆ ಎಂದು ಹೊಂದಿಸಿ ಕಟ್ಟಿದರು. ಎರಡನೆಯ ದಿನ ಮೈಲಾರಲಿಂಗಪ್ಪ ಕೋಲೂರಿಕೊಂಡು ಬಂದು ಕೂಗಾಡಿದರು.

“ಕಳ್ಳನ್ನ ಒಯ್ದದ್ದು ಸಾಲಲಿಲ್ಲಂತ ಒಡ್ಡೂ ಒಯ್ಯಾಕತ್ತೀರೇನು?”

“ಕಿತ್ತದ್ದನ್ನ ಕಟ್ಟೇ ಹೋಗತೇವ್ರಿ ಯಜಮಾನ್ರ. ನೋಡ್ರಿ.”

ಮುದುಕರು ಹೊಸದಾಗಿ ಕಟ್ಟಿದ ಭಾಗವನ್ನು ಕೋಲಿನಿಂದ ತಿವಿದು ನೋಡಿದರು. ಒಂದು ಕಲ್ಲೂ ಜಾರಲಿಲ್ಲ. ಕಟ್ಟಿದವರ ನಡುವೆ ತಮ್ಮ ಮೊಮ್ಮಗಳೂ ಇರುವುದನ್ನು ಕಂಡರು. ಕಂಡೂ ಕಾಣದವರ ಹಾಗೆ ಹಿಂದಿರುಗಿದರು.

ಮೂರನೆಯ ದಿನ, ತಪಾಸಣೆಯ ಹಿಂದಿನ ದಿನ, ಒಂದನೆಯ ಇಯತ್ತೆಯ ಪುಟ್ಟ ಮಂಜವ್ವ ತನ್ನ ತೋಳಿನಷ್ಟು ಉದ್ದದ ಕಲ್ಲೊಂದನ್ನು ಎಳೆಯಲಾರದೆ ಎಳೆಯುತ್ತ, “ಉಡದಾರಾ! ಉಡದಾರಾ!” ಎಂದು ಕಿರುಚಿದಳು. ಮೈಲಾರಲಿಂಗಪ್ಪನವರಿಗೆ ಹೇಳಿಕಳಿಸಿದರು. ಅವರು ಬರುವವರೆಗೆ ಯಾರೂ ಅದನ್ನು ಕುಣಿಯಲ್ಲಿ ಇಡಲಿಲ್ಲ.

ಹೊಳೆವ್ವ ಇಟ್ಟಳು. ಕಲ್ಲು ಇಳಿಯಿತು. ಬೆರಳಿನಿಂದ ಒತ್ತಿದಳು, ಅಲುಗಲಿಲ್ಲ. ಮುದುಕರು ಕಾಲಿನ ಉಂಗುಟದಿಂದ ನೂಕಿದರು. ಆಮೇಲೆ ಹಿಮ್ಮಡಿಯಿಂದ ಒದ್ದರು. ಕಲ್ಲು ತನ್ನ ಜಾಗ ಬಿಡಲಿಲ್ಲ.

“ಬಂದಾ ನೋಡು ಮಗಾ,” ಎಂದರು ಮೈಲಾರಲಿಂಗಪ್ಪ ಕಲ್ಲಿಗೆ. ಆಮೇಲೆ ಚೌಡವ್ವನವರ ಕಡೆ ತಿರುಗಿದರು. “ಒಡ್ಡಿಗಿ ಒಗದವರು ಯಾರು?”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಸುಣ್ಣವಿಲ್ಲದ, ಹುಲ್ಲಿನಲ್ಲಿ ಹುಗಿದಿದ್ದ ಕಲ್ಲನ್ನು ಹೊಲದ ಕಲ್ಲೆಂದು ಯಾರೋ ಎತ್ತಿ ಪುಟ್ಟಿಗೆ ಹಾಕಿದ್ದರು. ಅಂದು ಯಾರ ಪುಟ್ಟಿ ಎಲ್ಲಿತ್ತೋ ಯಾರಿಗೂ ನೆನಪಿರಲಿಲ್ಲ.

“ಗೊತ್ತಿಲ್ರಿ,” ಎಂದರು ಚೌಡವ್ವ.

“ಹಂಗಾರ ಅದನ್ನೂ ನಿಮ್ಮ ಮೂಲಿಗಿ ಹಾಕ್ರಿ,” ಎಂದು ಮುದುಕರು ಕೋಲೆತ್ತಿಕೊಂಡು ಹೊರಟರು. ನಾಲ್ಕು ಹೆಜ್ಜೆ ಹೋಗಿ ತಿರುಗದೆಯೇ ಹೇಳಿದರು: “ನಾಳೆ ಸಾಲಿ ಎಷ್ಟೊತ್ತಿಗೆ?”

ತಪಾಸಣೆಯ ಅಧಿಕಾರಿಗಳು ಬಂದ ದಿನ ಮೂವತ್ತಾರು ಮಕ್ಕಳು ಹಾಜರಿದ್ದರು. ಒಬ್ಬನಿಗೆ ಮಾತ್ರ ಜ್ವರ. ಸಾಹೇಬರು ಪಡಸಾಲೆಯ ನಕ್ಷೆಯ ಸುತ್ತ ಚಪ್ಪಲಿ ಬಿಟ್ಟು ನಡೆದರು. ಹಳ್ಳದ ದಂಡೆಯ ಒಂದು ಹಸಿರು ಕಲ್ಲನ್ನು ತೋರಿಸಿ, ಇದು ಇಲ್ಲಿಗೆ ಹೇಗೆ ಬಂತು ಎಂದು ಹೊಳೆವ್ವನನ್ನು ಕೇಳಿದರು. “ಗೊತ್ತಿಲ್ರಿ,” ಎಂದಳು ಹುಡುಗಿ, ಹಾಜರಿ ಹೇಳುವಷ್ಟೇ ದೊಡ್ಡ ದನಿಯಲ್ಲಿ. “ಗುಡ್ಡದ ತನಕ ಹುಡುಕೇವಿ, ಇಂಥಾದ್ದು ಇನ್ನೊಂದು ಸಿಕ್ಕಿಲ್ರಿ.” ಉಳಿವೆಪ್ಪನವರು ಬಾಗಿಲಲ್ಲಿ ಕಣ್ಣು ಮುಚ್ಚಿಕೊಂಡರು. ಸಾಹೇಬರು ಏನೋ ಬರೆದುಕೊಂಡು ಹೋದರು. ಹದಿನೈದು ದಿನದ ಮೇಲೆ ಆದೇಶ ಬಂತು. ಜೂನ್‌ನಿಂದ ಶಾಲೆ ಕಾಯಂ.

ಊರಿನಲ್ಲಿ ಈಗ ಇದು ಉಳಿವೆಪ್ಪನವರ ಕತೆ. ತಾವೇ ಕಳ್ಳನನ್ನು ಹಿಡಿದ ಹಾಗೆ ಕಟ್ಟೆಯ ಮೇಲೆ ಕುಳಿತು ಹೇಳುತ್ತಾರೆ. ಮೈಲಾರಲಿಂಗಪ್ಪ ತಮ್ಮ ಒಡ್ಡಿನ ಉಳಿದ ಭಾಗವನ್ನೂ ಕಿತ್ತು ಕಟ್ಟಿಕೊಡುತ್ತೀರಾ ಎಂದು ಕೇಳಿದ್ದಾರೆ. ಶಾಲೆಯ ಹೊತ್ತಿನಲ್ಲಿ ಆಗುವುದಿಲ್ಲ ಎಂದು ಚೌಡವ್ವ ಹೇಳಿದ್ದಾರೆ.

ಬಿಸಿಲು ಏರಿದೆ. ಮಕ್ಕಳು ಒಬ್ಬೊಬ್ಬರೇ ಒಂದೊಂದು ಕಲ್ಲು ಹಿಡಿದು ಪಡಸಾಲೆಗೆ ಬರುತ್ತಿದ್ದಾರೆ. ಚೌಡವ್ವ ಕೊಡದಿಂದ ನೀರು ಸುರಿದುಕೊಂಡು ಕಾಲು ತೊಳೆಯುತ್ತಾರೆ. ಮುಂದೇನು ಬೇಕು ಎಂದು ಕೇಳಿದರೆ ಅವರ ಆಸೆ ಸಣ್ಣದು. ಐದನೆಯ ಇಯತ್ತೆ ಸಿಕ್ಕರೆ ಹುಡುಗಿಯರು ಇನ್ನೊಂದು ವರ್ಷ ಓದುತ್ತಾರೆ, ಅಷ್ಟೇ. ಬನ್ನಿ ಗಿಡದ ಬುಡದಲ್ಲಿ ಆ ಹೊತ್ತು ಸುಮ್ಮನಿರಬಹುದಿತ್ತಲ್ಲ ಎಂಬ ಮಾತು ಬಂದಾಗ ಮಾತ್ರ ಅವರು ಕೊಡವನ್ನು ಕೆಳಗಿಡುತ್ತಾರೆ.

“ಅಂಜಿಕಿ ಇತ್ರಿ, ಸುಳ್ಳ ಯಾಕ ಹೇಳಲಿ. ಆದ್ರ ಆ ಕೂಸು ಅಜ್ಜನ ಎದುರಿಗೆ ಅಲ್ಲ ಅಂತು. ನಾ ಹೌದು ಅಂದಿದ್ರ ಸಾಲಿ ಉಳೀತಿತ್ರಿ. ಮರುದಿನ ಮುಂಜಾನೆ ಆ ಸಾಲಿಗೆ ನಾ ಯಾವ ಮಾರಿ ಇಟಗೊಂಡು ಹೋಗಬೇಕಿತ್ತು?”